ಮತ್ತೊಂದು ಎಂದು ಎಣಿಸುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಹದಿಮೂರು ತಿಂಗಳು ತಡವಾಗಿ, ಅದೂ ನಾನೇ ಬರೆದ ಕಾರ್ಡಿನ ಮೇಲೆ. ಯುಗಾದಿಗೆ ಒಂದು ವಾರ ಮೊದಲು ಹಳೆಯ ಪರಿಚಿತರಿಗೆಲ್ಲ ನಾಲ್ಕು ಸಾಲು ಬರೆದು ಅಂಚೆಗೆ ಹಾಕುವುದು ನನ್ನ ಪದ್ಧತಿ. ಪಟ್ಟಿಯೊಂದಿದೆ, ಅದರ ಪ್ರಕಾರ ಬರೆಯುತ್ತೇನೆ. ಈ ಸಲ ಒಂದು ಕಾರ್ಡು ಹಿಂದಿರುಗಿತು. ವಿಳಾಸದ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ‘ವಿಳಾಸದಾರರು ಮೃತ’ ಎಂಬ ಎರಡು ಪದ. ನಾನು ಅದನ್ನು ಹಿಡಿದುಕೊಂಡು ಗೇಟಿನ ಹತ್ತಿರವೇ ನಿಂತುಬಿಟ್ಟೆ. ಅವರ ಮನೆಗೆ ಫೋನು ಮಾಡಿದಾಗ ಸೊಸೆ ಮಾತಾಡಿದರು. ಹೋದ ವರ್ಷದ ನನ್ನ ಕಾರ್ಡು ಮನೆಗೆ ಬಂದದ್ದೂ ಅವರು ಹೋದ ಮೇಲೆಯೇ ಅಂತೆ. ಎರಡು ವರ್ಷದ ಯುಗಾದಿಗೆ ನಾನು ಸತ್ತವರ ಆರೋಗ್ಯ ವಿಚಾರಿಸಿದ್ದೆ.

ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಇಲ್ಲಿಯೂ ಹೆಸರು ಬೇಡ. ದೋಹಾದಲ್ಲಿ ನಾವಿದ್ದ ಕಟ್ಟಡ ಕಂಪನಿಯ ಬಡಗಿಗಳ ಮೇಸ್ತ್ರಿ ಅವರು. ಕುಂದಾಪುರದ ಕಡೆಯ ಕಡಲತಡಿಯವರು. ಮರದ ಕೆಲಸಕ್ಕೆ ಬರುವ ಮೊದಲು ತಂದೆಯ ಜೊತೆ ಮೀನಿಗೆ ಹೋಗುತ್ತಿದ್ದರು. ದೋಣಿಯ ಮುಖ್ಯಸ್ಥನಿಗೆ ಆ ಕಡೆ ತಾಂಡೇಲ ಎನ್ನುತ್ತಾರೆ. ನಾವೂ ತಾಂಡೇಲರು ಎಂದೇ ಕರೆಯುತ್ತಿದ್ದೆವು. ನಾನು ಅದೇ ಕಂಪನಿಯ ಟೈಮ್ ಆಫೀಸಿನಲ್ಲಿದ್ದೆ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರ ವೀಸಾ ಎಂದು ಮುಗಿಯುತ್ತದೆ ಎಂಬುದನ್ನೆಲ್ಲ ಬರೆದಿಡುವ ಕೆಲಸ. ಅವರು ನನ್ನನ್ನು ‘ಮಾಷ್ಟ್ರೆ’ ಎನ್ನುತ್ತಿದ್ದರು. ಪುಸ್ತಕ ಹಿಡಿದವರೆಲ್ಲ ಅವರಿಗೆ ಮಾಷ್ಟ್ರೇ.

ತೊಂಬತ್ತರ ದಶಕದ ನಡುಭಾಗ ಅದು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ನ್ಯೂಜಿಲೆಂಡಿನವರು. ಕೆಲಸದ ಯಂತ್ರಗಳ ಜೊತೆಗೆ ಒಂದು ಕಂಟೇನರಿನಲ್ಲಿ ಎರಡು ಉದ್ದನೆಯ ದೋಣಿಗಳನ್ನು ತರಿಸಿಕೊಂಡರು. ಆರು ಜನ ಒಬ್ಬರ ಹಿಂದೆ ಒಬ್ಬರು ಕೂತು ಹುಟ್ಟು ಹಾಕುವ ದೋಣಿ. ಅಗಲ ಎಷ್ಟೆಂದರೆ ಮಂಡಿ ಅಗಲಿಸಲು ಜಾಗವಿಲ್ಲ. ಉರುಳದ ಹಾಗೆ ಎಡಗಡೆಗೆ ಎರಡು ಅಡ್ಡಕೋಲುಗಳಿಂದ ಕಟ್ಟಿದ ಒಂದು ತೇಲುಮರ. ವೆಸ್ಟ್ ಬೇ ತೀರದಲ್ಲಿ ಅವನ್ನು ಇಳಿಸಿದರು. ಈಗ ಅಲ್ಲಿ ಗೋಪುರಗಳು ಎದ್ದಿವೆಯಂತೆ. ಆಗ ಒಂದು ಹೋಟೆಲು, ಅದರಾಚೆ ಬರೀ ಮರಳು. ದೋಣಿ ಇಡಲು ಮರದ ಕಟ್ಟೆ ಮಾಡಿಕೊಡಬೇಕೆಂದು ತಾಂಡೇಲರನ್ನು ಕರೆಸಿದರು. ಲೆಕ್ಕಕ್ಕೆಂದು ನಾನೂ ಹೋಗಿದ್ದೆ. ಅವರು ಅಳತೆ ಟೇಪು ಕೈಯಲ್ಲಿ ಹಿಡಿದು ದೋಣಿಯನ್ನು ಒಂದು ಸುತ್ತು ಬಂದರು. ತೇಲುಮರವನ್ನು ಅಂಗೈಯಿಂದ ಎತ್ತಿ ನೋಡಿದರು.

“ಇದ್ ನಮ್ಮ್ ಪಾತಿ ದೋಣಿಯೇ ಅಲ್ದಾ. ಉಂಡ್ ಉಂಡ್ ಉದ್ದ ಆಯ್ತ್” ಎಂದರು. ಪಕ್ಕಕ್ಕೆ ತೇಲುಮರ ಕಟ್ಟಿದ ಸಣ್ಣ ಮೀನುದೋಣಿಗೆ ಅವರ ಕಡೆ ಪಾತಿ ಎನ್ನುತ್ತಾರೆ.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮ್ಯಾನೇಜರ್ ನಗಲಿಲ್ಲ. “ಇವರಿಗೆ ಇದು ಗೊತ್ತೇ?” ಎಂದು ಕೇಳಿ, ಅಂದೇ ಸಂಜೆ ಅವರನ್ನು ಹಿಂದಿನ ಜಾಗದಲ್ಲಿ ಕೂರಿಸಿ ನೀರಿಗಿಳಿಸಿದರು. ಹಿಂದೆ ಕೂತವನೇ ದಿಕ್ಕು ಹಿಡಿಯುವವನು. ಒಂದು ಗಂಟೆಯ ನಂತರ ಹಿಂದಿರುಗಿದಾಗ ಮ್ಯಾನೇಜರರ ಮುಖದಲ್ಲಿ ಗೌರವವಿತ್ತು. ಒಂದು ದೋಣಿ ವಿದೇಶಿ ಎಂಜಿನಿಯರುಗಳಿಗೆ, ಇನ್ನೊಂದು ನಮ್ಮ ಇಂಡಿಯನ್ ಸ್ಟಾಫಿಗೆ, ನಮ್ಮದಕ್ಕೆ ತಾಂಡೇಲರೇ ಮುಖ್ಯಸ್ಥರು ಎಂದು ತೀರ್ಮಾನವಾಯಿತು. ಏಪ್ರಿಲಿನಲ್ಲಿ ಉತ್ತರದ ಅಲ್ ಶಮಾಲ್ ತೀರದಲ್ಲಿ ಸ್ಪರ್ಧೆ, ಎಂಟು ಕಿಲೋಮೀಟರು.

ಆಳುಗಳನ್ನು ಆರಿಸಿದ ರೀತಿ ನೋಡಿ ನಾನು ದಂಗಾದೆ. ಸ್ಟೋರಿನಲ್ಲಿ ಸಿಮೆಂಟು ಚೀಲ ಎತ್ತುವ ಗಟ್ಟಿಗರು ಎಷ್ಟೋ ಜನ ಮುಂದೆ ಬಂದಿದ್ದರು. ಅವರಲ್ಲಿ ಹೆಚ್ಚಿನವರನ್ನು ತಾಂಡೇಲರು ಹಿಂದಕ್ಕೆ ಕಳಿಸಿದರು. ಬಡಗಿ ಷೆಡ್ಡಿನಲ್ಲಿ ಒಂದು ಕಬ್ಬಿಣದ ಪೈಪಿನ ಮೇಲೆ ಉದ್ದನೆಯ ಹಲಗೆ ಇಟ್ಟು, ಉಳಿದವರನ್ನು ಅದರ ಮೇಲೆ ಸಾಲಾಗಿ ಕೂರಿಸಿ, ಹಿಂದೆ ಮುಂದೆ ಸರಿಸಿ, ಹಲಗೆ ನೆಲ ಮುಟ್ಟದೆ ನಿಲ್ಲುವ ತನಕ ಜಾಗ ಬದಲಿಸಿದರು. ಹಾಗೆ ಐದು ಜನ ಉಳಿದೆವು. ಮುಂದೆ ಮಂಗಳೂರಿನ ತುಳು ಮನೆಮಾತಿನ ಸ್ಟೋರ್ ಶೆಟ್ಟರು; ಅವರು ಹುಟ್ಟು ಹಾಕಿದ ವೇಗಕ್ಕೆ ಎಲ್ಲರೂ ಹಾಕಬೇಕು. ಎರಡು, ನಾಲ್ಕನೆಯ ಜಾಗದಲ್ಲಿ ಬೆಂಗಳೂರಿನ ಇಬ್ಬರು ಎಲೆಕ್ಟ್ರಿಕಲ್ ಸೂಪರ್‌ವೈಸರುಗಳು. ಮೂರನೆಯದರಲ್ಲಿ ನಲವತ್ತೆಂಟು ವರ್ಷದ ನಾನು. ಐದನೆಯದರಲ್ಲಿ, ತಾಂಡೇಲರ ಮುಂದೆಯೇ, ಮೈಸೂರಿನ ಡ್ರಾಫ್ಟ್ಸ್‌ಮನ್ ನಂಜುಂಡ. ತೂಕದ ಮನುಷ್ಯ, ಮೆಲುಮಾತಿನವನು. ಹೆಂಡತಿಯನ್ನೂ ಎರಡು ಮಕ್ಕಳನ್ನೂ ಫ್ಯಾಮಿಲಿ ವೀಸಾದಲ್ಲಿ ಕರೆಸಿಕೊಂಡು ಆಗಿನ್ನೂ ಎರಡು ತಿಂಗಳಾಗಿತ್ತು.

“ಬಲ ಇದ್ದವರು ಬೇಡ್ವಾ?” ಎಂದು ಶೆಟ್ಟರು ಕೇಳಿದರು.

“ಬಲ ಇದ್ದವ್ರ್ ನೀರಿಗೆ ಪೆಟ್ಟ್ ಕೊಡ್ತ್ರ್. ನೀರನ್ನ್ ಹಿಡಿಕ್, ಮತ್ತೆ ಬಿಡ್ಕ್. ಬಿಟ್ಟಾಗ್ಳೇ ದೋಣಿ ಓಡೂದ್.”

ಇದು ಅವರ ಪಾಠ. ಶೆಟ್ಟರು ತೋಳುಬಲದಿಂದ ಜಗ್ಗಿದಾಗಲೆಲ್ಲ ಹಿಂದಿನಿಂದ ಹುಟ್ಟನ್ನು ದೋಣಿಯ ಅಂಚಿಗೆ ಕುಟ್ಟುತ್ತಿದ್ದರು. ಎಲ್ಲರೂ ನಿಲ್ಲಿಸಬೇಕು. ದೋಣಿ ತಾನಾಗಿ ಎಷ್ಟು ದೂರ ಜಾರುತ್ತದೆಂದು ಸುಮ್ಮನೆ ಕೂತು ನೋಡಬೇಕು. ನನಗೆ ಅದು ಸಮಯ ಹಾಳು ಎನ್ನಿಸುತ್ತಿತ್ತು. ಒಂದು ತಿಂಗಳಲ್ಲಿ ನಮ್ಮ ಹುಟ್ಟುಗಳ ಸಂಖ್ಯೆ ಕಡಿಮೆಯಾಗಿ ದೂರ ಹೆಚ್ಚಾದದ್ದನ್ನು ನನ್ನ ಪುಸ್ತಕವೇ ತೋರಿಸಿತು.

ಆ ಪುಸ್ತಕದಲ್ಲಿ ನಾನು ಎಲ್ಲವನ್ನೂ ಬರೆಯುತ್ತಿದ್ದೆ. ಗಾಳಿಯ ದಿಕ್ಕು, ಬಿಸಿಲು, ಯಾರ ತೂಕ ಎಷ್ಟು, ಯಾರು ಎಷ್ಟು ನೀರು ಕುಡಿದರು, ಕಿಲೋಮೀಟರಿಗೆ ಎಷ್ಟು ನಿಮಿಷ. ಅವರಿಗೆ ಸ್ಟಾಪ್‌ವಾಚಿನ ಮೇಲೆ ಆಸಕ್ತಿಯಿರಲಿಲ್ಲ. ಅಡ್ಡಕೋಲುಗಳ ಹಗ್ಗವನ್ನು ಸಮುದ್ರದ ನೀರಿನಲ್ಲಿ ನೆನೆಸಿ ಕಟ್ಟಿ, ಅದು ಒಣಗಿ ಬಿಗಿದ ಮೇಲೆ ಹೆಬ್ಬೆರಳಿನಿಂದ ಮೀಟಿ ಕಿವಿಗೊಡುತ್ತಿದ್ದರು. ಹೆಚ್ಚು ಬಿಗಿಯಾದರೆ ದೋಣಿ ಅಲೆಗೆ ಮೈ ಕೊಡುವುದಿಲ್ಲ, ಸಡಿಲವಾದರೆ ತೇಲುಮರ ಎಳೆಯುತ್ತದೆ. ಸರಿಯಾದ ಬಿಗಿ ಎಷ್ಟೆಂದು ಅಂಕಿಯಲ್ಲಿ ಹೇಳಿ ಎಂದು ಕೇಳಿದೆ. ಅವರು ನನ್ನ ಬೆರಳು ಹಿಡಿದು ಹಗ್ಗದ ಮೇಲೆ ಇಟ್ಟರು. ನಾನು ಆ ಕಾಲಮ್ಮನ್ನು ಖಾಲಿ ಬಿಟ್ಟೆ.

ಸಂಜೆಯ ಅಭ್ಯಾಸಕ್ಕೆ ಮೊದಲು ಎಲ್ಲರೂ ಒಂದು ಲೋಟ ಉಪ್ಪು ಹಾಕಿದ ಗಂಜಿತಿಳಿ ಕುಡಿಯಬೇಕಿತ್ತು. ತಂಪು ಪಾನೀಯದ ಬಾಟಲಿ ಕಂಡರೆ ಕಿತ್ತುಕೊಳ್ಳುತ್ತಿದ್ದರು. ಬೆಂಗಳೂರಿನವರಲ್ಲಿ ಒಬ್ಬನು ಕ್ಯಾಂಪಿನ ಅಡಿಗೆಯವನಿಗೆ, “ಯಲ್ಲಾ ಭಾಯ್, ತಾಂಡೇಲರ ಬ್ಯಾಟರಿ ನೀರು ಕೊಡು” ಎನ್ನುತ್ತಿದ್ದ. ಬೈದುಕೊಂಡೇ ಕುಡಿಯುತ್ತಿದ್ದೆವು. ಎಂಜಿನಿಯರುಗಳ ದೋಣಿಯಲ್ಲಿ ಸ್ನಾಯು ಸೆಳೆತಕ್ಕೆ ಕಾಲು ಹಿಡಿದುಕೊಂಡು ಒದ್ದಾಡುವವರು ಪ್ರತಿ ವಾರ ಒಬ್ಬರಾದರೂ ಇರುತ್ತಿದ್ದರು. ನಮ್ಮಲ್ಲಿ ಒಬ್ಬರಿಗೂ ಹಾಗಾಗಲಿಲ್ಲ.

ಇನ್ನು ಎಣಿಕೆಯ ವಿಷಯ. ಈ ದೋಣಿಯಲ್ಲಿ ಒಂದೇ ಬದಿಗೆ ಹುಟ್ಟು ಹಾಕಿದರೆ ತೋಳು ಸೋಲುತ್ತದೆ. ಹತ್ತು ಹುಟ್ಟಿಗೊಮ್ಮೆ ಎಲ್ಲರೂ ಒಟ್ಟಿಗೆ ಬದಿ ಬದಲಿಸಬೇಕು. ಅದಕ್ಕೆ ಒಬ್ಬರು ಗಟ್ಟಿಯಾಗಿ ಎಣಿಸಬೇಕು. ತಾಂಡೇಲರು ಹಿಂದಿನಿಂದ ಎಣಿಸುತ್ತಿದ್ದರು. ಐದು, ಆರು ಎಂದ ಮೇಲೆ ಅವರ ಬಾಯಲ್ಲಿ ಏಳು ಬರುತ್ತಿರಲಿಲ್ಲ. “ಆರು, ಮತ್ತೊಂದು, ಎಂಟು” ಎನ್ನುತ್ತಿದ್ದರು. ಅವರ ತಂದೆಯೂ ದೋಣಿಯಲ್ಲಿ ಹಾಗೆಯೇ ಎಣಿಸುತ್ತಿದ್ದರಂತೆ.

ಸ್ಪರ್ಧೆಗೆ ಹತ್ತು ದಿನ ಇದ್ದಾಗ ನನ್ನ ವಾಚಿಗೆ ಒಂದು ಸಂಗತಿ ಸಿಕ್ಕಿತು. ‘ಮತ್ತೊಂದು’ ಎಂಬುದು ಉದ್ದದ ಮಾತು. ಆ ಹುಟ್ಟು ಪ್ರತಿ ಸಲವೂ ಒಂದು ಚೂರು ತಡವಾಗುತ್ತಿತ್ತು. ಒಂದು ಚೂರೇ, ಆದರೆ ಹತ್ತಕ್ಕೊಮ್ಮೆ. ಎಂಟು ಕಿಲೋಮೀಟರಿನಲ್ಲಿ ಅದು ಎಷ್ಟಾಗುತ್ತದೆಂದು ಲೆಕ್ಕ ಹಾಕಿ ಕಾಗದ ತೆಗೆದುಕೊಂಡು ಅವರ ಷೆಡ್ಡಿಗೆ ಹೋದೆ. ಇನ್ನೊಂದು ತೊಂದರೆಯೂ ಇತ್ತು. ಗಾಳಿ ಎದುರಾದಾಗ ಹಿಂದೆ ಕೂತವರ ದನಿ ಮುಂದಿನವರಿಗೆ ಕೇಳುತ್ತಿರಲಿಲ್ಲ. ಅಲ್ ಶಮಾಲಿನಲ್ಲಿ ಅರ್ಧ ದಾರಿಯ ತೇಲುಗುರುತು ಸುತ್ತಿ ತಿರುಗಿದ ಮೇಲೆ ಗಾಳಿ ಎದುರೇ. ಆದ್ದರಿಂದ ಆ ತನಕ ಅವರು ಎಣಿಸಲಿ, ಅಲ್ಲಿಂದ ಮುಂದೆ ನಡುವೆ ಕೂತ ನಾನು ಎಣಿಸುತ್ತೇನೆ, ಸರಿಯಾಗಿ ಎಣಿಸುತ್ತೇನೆ ಎಂದೆ.

ಅವರು ಚೌಕಟ್ಟೊಂದಕ್ಕೆ ಉಜ್ಜುಕೊರಡು ಹಾಕುತ್ತಿದ್ದರು. ನಿಲ್ಲಿಸಲಿಲ್ಲ.

“ನೀವ್ ಎಣಿಸಿ. ಆ ಶಬ್ದ ಮಾತ್ರ ದೋಣಿಯಗೆ ಬೇಡ ಮಾಷ್ಟ್ರೆ.”

“ಯಾಕೆ ಬೇಡ? ಕಾರಣ ಹೇಳಿ.”

“ಕಾರಣ ಗೊತ್ತಿಲ್ಲ. ಅಪ್ಪ ಹೇಳ್ತಿರ್ಲಿಲ್ಲ, ನಾನೂ ಹೇಳುದಿಲ್ಲ.”

“ಹಾಗಾದರೆ ಅದು ಮೂಢನಂಬಿಕೆ.”

“ಆಯ್ಕ್” ಎಂದರು. ಇರಬಹುದು ಎಂಬ ಅರ್ಥದಲ್ಲಿ. ಮತ್ತೆ ಆ ಮಾತು ಎತ್ತಲಿಲ್ಲ.

ಕೊನೆಯ ಎರಡು ಸಂಜೆ ನನ್ನ ಎಣಿಕೆಯಂತೆ ಅಭ್ಯಾಸ ಮಾಡಿದೆವು. ವಾಚು ನನ್ನ ಪರವಾಗಿತ್ತು. ಬುಧವಾರದ ಪುಟದಲ್ಲಿ ‘ಹೊಸ ಎಣಿಕೆ, ಎಲ್ಲರಿಗೂ ತಿಳಿಸಲಾಗಿದೆ’ ಎಂದು ಬರೆದು ಗುರುತು ಹಾಕಿದೆ. ಆ ಎರಡೂ ಸಂಜೆ ನಂಜುಂಡ ಬಂದಿರಲಿಲ್ಲ. ತುರ್ತಾಗಿ ಕೊಡಬೇಕಾದ ನಕ್ಷೆಗಳಿದ್ದವು, ಡ್ರಾಯಿಂಗ್ ಆಫೀಸಿನಲ್ಲೇ ಕೂತಿದ್ದ. ಅವನ ಜಾಗದಲ್ಲಿ ಒಂದು ಮರಳಿನ ಚೀಲ ಇಟ್ಟು ತೂಕ ಸರಿ ಮಾಡಿದ್ದೆವು. ಗೈರುಹಾಜರಿಯನ್ನೂ ನಾನೇ ಬರೆದಿದ್ದೆ, ಎಲ್ಲರಿಗೂ ತಿಳಿಸಿದ್ದೇನೆಂದೂ ನಾನೇ ಬರೆದಿದ್ದೆ. ಎರಡೂ ಸಾಲು ಒಂದೇ ಪುಟದಲ್ಲಿವೆ. ಪುಸ್ತಕ ಈಗಲೂ ನನ್ನ ಬಳಿ ಇದೆ.

ಸ್ಪರ್ಧೆ ಗುರುವಾರ ಬೆಳಿಗ್ಗೆ. ಕಂಪನಿಯ ಕತಾರಿ ಪಾಲುದಾರರು ಮನೆಯವರೊಡನೆ ಬಂದು ಶಾಮಿಯಾನದ ಕೆಳಗೆ ಕೂತಿದ್ದರು. ಹೊರಟಾಗ ಎರಡು ದೋಣಿಗಳೂ ಸಮಸಮ. ಎಂಜಿನಿಯರುಗಳು ನಮಗಿಂತ ಬಲಿಷ್ಠರು, ಮೊದಲ ಎರಡು ಕಿಲೋಮೀಟರು ಮುಂದೆಯೇ ಇದ್ದರು. ತಾಂಡೇಲರು ಅವಸರ ಮಾಡಲಿಲ್ಲ. ಹಿಂದಿನಿಂದ ಬಂದ ಸಣ್ಣ ಅಲೆಗಳ ಬೆನ್ನಿಗೆ ದೋಣಿಯನ್ನು ಕೂರಿಸಿ, ಅದು ಜಾರುವಾಗ ನಮಗೆ ಉಸಿರೆಳೆಯಲು ಬಿಟ್ಟು, “ಆರು, ಮತ್ತೊಂದು, ಎಂಟು” ಎಂದು ತೊಟ್ಟಿಲು ತೂಗುವವರ ಹಾಗೆ ಎಣಿಸುತ್ತ ಹೋದರು. ತೇಲುಗುರುತು ಸುತ್ತುವಾಗ ನಾವು ಅವರಿಗಿಂತ ಒಂದು ದೋಣಿಯಷ್ಟು ಮುಂದಿದ್ದೆವು. ತಿರುಗಿದ ಕೂಡಲೇ ಗಾಳಿ ಮುಖಕ್ಕೆ ಹೊಡೆಯಿತು. ಕಣ್ಣಿಗೆ ಉಪ್ಪುನೀರು. ನಾನು ಎಣಿಕೆ ಎತ್ತಿಕೊಂಡೆ. ಗಾಳಿಯನ್ನು ಮೀರಬೇಕೆಂದು ಗಂಟಲು ಹರಿಯುವಂತೆ ಕೂಗಿದೆ. ಐದು. ಆರು. ಏಳು.

ದೋಣಿ ನಡುಗಿತು. ಬೆನ್ನ ಹಿಂದೆ ಯಾರೋ ಎದ್ದ ಸದ್ದು. ತಿರುಗಿ ನೋಡುವಷ್ಟರಲ್ಲಿ ಎಡಗಡೆಯ ತೇಲುಮರ ನೀರು ಬಿಟ್ಟು ಆಕಾಶಕ್ಕೆ ಏರುತ್ತಿತ್ತು. ಮರುಕ್ಷಣ ನಾನು ನೀರಿನ ಕೆಳಗಿದ್ದೆ, ತಲೆಯ ಮೇಲೆ ದೋಣಿ. ಮೇಲೆ ಬಂದಾಗ ತಾಂಡೇಲರು ಬುಡಮೇಲಾದ ದೋಣಿಯನ್ನು ಒಂದು ಕೈಯಲ್ಲಿ ಹಿಡಿದು ತಲೆಗಳನ್ನು ಎಣಿಸುತ್ತಿದ್ದರು. ಐವರೂ ಇದ್ದೆವು. ಆದರೆ ನಂಜುಂಡನ ಹುಬ್ಬು ಒಡೆದು ರಕ್ತ ಇಳಿಯುತ್ತಿತ್ತು. ಅವನು ನಮ್ಮೆಲ್ಲರನ್ನು ನೋಡುತ್ತ, “ಏನಾಯ್ತು? ಏನಾಯ್ತು ಸಾರ್?” ಎನ್ನುತ್ತಿದ್ದ. ಎದ್ದು ನಿಂತವನು ಅವನೇ ಎಂಬುದು ಮ್ಯಾನೇಜರರಿಗೆ ಕಾವಲು ದೋಣಿಯಿಂದ ಸ್ಪಷ್ಟವಾಗಿ ಕಂಡಿತ್ತು. ದಡದಲ್ಲಿ ದುರ್ಬೀನು ಹಿಡಿದಿದ್ದ ಪಾಲುದಾರರಿಗೂ ಕಂಡಿತ್ತು.

ವಿಚಾರಣೆ ಅಲ್ಲೇ ಶಾಮಿಯಾನದ ಹಿಂದೆ ನಡೆಯಿತು. ಸಮುದ್ರದ ನಡುವೆ ಇಂಥ ದೋಣಿಯಲ್ಲಿ ಎದ್ದು ನಿಲ್ಲುವವನು ಕುಡಿದಿರಬೇಕು ಎಂದು ಪಾಲುದಾರರ ಕಡೆಯವರೊಬ್ಬರು ಹೇಳಿದರು. ಆ ದೇಶದಲ್ಲಿ ಆ ಮಾತಿನ ತೂಕ ಎಲ್ಲರಿಗೂ ಗೊತ್ತು. ಮನೆಯವರ ಮುಂದೆ, ಕಂಪನಿಯ ಸಮಾರಂಭದಲ್ಲಿ. ಹಾಗೆಂದು ತೀರ್ಮಾನವಾದರೆ ವೀಸಾ ಕ್ಯಾನ್ಸಲ್, ವಾರದೊಳಗೆ ವಿಮಾನ, ಹೆಂಡತಿ ಮಕ್ಕಳೂ ಜೊತೆಗೆ.

“ಕುಡಿಯೋದಾ? ನಾನು ಕಾಫಿನೂ ಕುಡಿಯೋನಲ್ಲ ಸಾರ್” ಎಂದ ನಂಜುಂಡ. ಮ್ಯಾನೇಜರ್ ಮತ್ತೆ ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: ಯಾಕೆ ಎದ್ದೆ? ಅವನು ಹುಬ್ಬಿಗೆ ಒತ್ತಿ ಹಿಡಿದಿದ್ದ ಬಟ್ಟೆ ತೆಗೆದು, “ಯಾರೋ ಏಳೋಕೆ ಹೇಳಿದ್ರು” ಎಂದ.

ಮ್ಯಾನೇಜರ್ ನಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ನೀವು ಅವನಿಗೆ ಎದ್ದೇಳಲು ಹೇಳಿದಿರಾ? ಶೆಟ್ಟರು ಇಲ್ಲ ಎಂದರು. ಬೆಂಗಳೂರಿನವರು ಇಲ್ಲ ಎಂದರು. ನನ್ನ ಸರದಿ ಬಂತು. ನಾನು ನೇರವಾಗಿ ನಿಂತು, ಅಂಥ ಆಜ್ಞೆಯನ್ನು ನಾನೂ ಕೊಟ್ಟಿಲ್ಲ, ಬೇರೆ ಯಾರೂ ಕೊಟ್ಟದ್ದನ್ನು ಕೇಳಿಲ್ಲ ಎಂದು ಪ್ರಮಾಣ ಮಾಡಿ ಹೇಳಿದೆ. ಪ್ರಶ್ನೆಯೂ ಇಂಗ್ಲಿಷಿನಲ್ಲಿತ್ತು, ಉತ್ತರವೂ ಇಂಗ್ಲಿಷಿನಲ್ಲಿತ್ತು. ನಾನು ಕೂಗಿದ್ದು ಒಂದು ಅಂಕಿ. ಅದು ಬೇರೆ ಏನಾದರೂ ಆಗಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಂಜುಂಡ ನನ್ನ ಮುಖ ನೋಡಿದ ನೋಟ ಇನ್ನೂ ಮರೆತಿಲ್ಲ. ಶನಿವಾರ ಮಧ್ಯಾಹ್ನದೊಳಗೆ ವರದಿ ಪಾಲುದಾರರ ಕಚೇರಿಗೆ ಹೋಗಬೇಕೆಂದು ನಿಶ್ಚಯವಾಯಿತು. ವರದಿ ಬರೆಯುವವನು ನಾನೇ. ತಾಂಡೇಲರು ಈ ಹೊತ್ತೆಲ್ಲ ದಡಕ್ಕೆಳೆದ ದೋಣಿಯ ಹಗ್ಗಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು.

ಶುಕ್ರವಾರ ರಜೆ. ಬೆಳಿಗ್ಗೆ ನನ್ನ ಕೋಣೆಯ ಬಾಗಿಲು ತಟ್ಟಿದ್ದು ಅವರು. ಬನಿಯನ್ನು, ಹೆಗಲ ಮೇಲೆ ಟವೆಲು. ಕ್ಯಾಂಪಿನಿಂದ ಅರ್ಧ ಮೈಲಿ ಹಾಗೆಯೇ ನಡೆದು ಬಂದಿದ್ದರು.

“ಮಾಷ್ಟ್ರೆ, ನಮ್ಮ್ ರೂಮಿನಗೆ ಒಬ್ಬ ಇನ್ನೊಬ್ಬನ್ ಎಬ್ಸ್ತಿದ್ದ. ‘ಏಳೋ ಮಾರಾಯ, ಏಳಾಯ್ತು’ ಅಂದ. ಕೇಂಡ್ರಿಯಾ?”

ನಾನು ಕೇಳಿದೆ. ಏಳೋ, ಏಳಾಯ್ತು.

“ನಂಜುಂಡ ಅರ್ಧ ದಾರಿ ನನ್ ಎಣಿಕೆ ಕೇಂಡ್ಕಂಡ್ ಬಂದಿದ್ದ. ಮತ್ತೊಂದು, ಮತ್ತೊಂದು ಅಂತ. ಸುಸ್ತಾಗಿ ಕಣ್ಣ್ ಮುಚ್ಚಿತ್ತ್. ನೀವ್ ಒಮ್ಮೆಗೇ ಅರ್ಚಿದ್ರಿ, ಏಳು ಅಂದೇಳಿ. ಎದ್ದ.”

“ಇದಕ್ಕೇನಾ ನಿಮ್ಮ ತಂದೆ ಆ ಶಬ್ದ ಬೇಡ ಅಂದದ್ದು?”

“ನಂಗೂ ಈಗ್ಳೇ ಗೊತ್ತಾದ್ದ್. ನಾನ್ ದೆವ್ವದ್ ಸಂಖ್ಯೆ ಇರ್ಕ್ ಅಂದೇಳಿ ಮಾಡಿದ್ದೆ” ಎಂದರು. ಅವರ ಮುಖದಲ್ಲೂ ಗಾಬರಿಯಿತ್ತು. ಅವರಿಗೆ ಎಲ್ಲ ಗೊತ್ತಿತ್ತೆಂದು, ಗೊತ್ತಿದ್ದೂ ಸುಮ್ಮನಿದ್ದರೆಂದು ಆಮೇಲೆ ಕ್ಯಾಂಪಿನಲ್ಲಿ ಕೆಲವರು ಆಡಿಕೊಂಡರು. ಅದು ಸುಳ್ಳು. ನಲವತ್ತು ವರ್ಷ ಕಾರಣ ತಿಳಿಯದೆ ಪಾಲಿಸಿದ್ದು ಅದೊಂದು ಬೆಳಿಗ್ಗೆ ಅವರಿಗೆ ತಿಳಿಯಿತು, ಅಷ್ಟೇ.

ಶನಿವಾರ ಬೆಳಿಗ್ಗೆ ಇದನ್ನು ಮ್ಯಾನೇಜರರಿಗೆ ಹೇಳಿದೆ. ಏಳು ಎಂದರೆ ಸೆವೆನ್, ಏಳು ಎಂದರೆ ಗೆಟ್ ಅಪ್. ಅವರು ಪೆನ್ನು ಕೆಳಗಿಟ್ಟು ನನ್ನನ್ನು ಅನುಕಂಪದಿಂದ ನೋಡಿದರು. ಸ್ನೇಹಿತನನ್ನು ಉಳಿಸಲು ಹುಟ್ಟಿಸಿದ ಕತೆ ಎಂದುಕೊಂಡರು. “ಒಂದು ಸಂಖ್ಯೆ ಕೇಳಿ ಮನುಷ್ಯ ಎದ್ದು ನಿಲ್ಲುತ್ತಾನೆಯೇ? ನಿಮ್ಮ ದೇಶದಲ್ಲಿ ಯಾರೂ ಏಳರವರೆಗೆ ಎಣಿಸುವುದಿಲ್ಲವೇ?” ಎಂದರು. ನ್ಯಾಯವಾದ ಪ್ರಶ್ನೆ.

ತಾಂಡೇಲರು ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ನಾಲ್ಕು ಹುಟ್ಟು. “ಹದ್ನೈದ್ ನಿಮಿಷ ಕೊಡ್ಕ್ ಅಂದೇಳಿ ಹೇಳಿ” ಎಂದರು.

ನಮ್ಮ ದೋಣಿಯವರನ್ನೆಲ್ಲ ಕರೆಸಿ, ಅವರೇ ಮೀಟಿಂಗ್ ರೂಮಿನ ಕುರ್ಚಿಗಳನ್ನು ಒಂದರ ಹಿಂದೆ ಒಂದು ಇಟ್ಟರು. ನಂಜುಂಡನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಶೆಟ್ಟರು, ಬೆಂಗಳೂರಿನ ಇಬ್ಬರು, ನಾನು ನಮ್ಮ ನಮ್ಮ ಜಾಗದಲ್ಲಿ ಕೂತೆವು. ಐದನೆಯ ಕುರ್ಚಿ ಖಾಲಿ. ಅದರ ಹಿಂದೆ ಅವರು. “ಕಣ್ಣ್ ಮುಚ್ಚಿ. ಗಾಳಿಗೇ ಹುಟ್ಟ್ ಹಾಕಿ” ಎಂದು ಎಣಿಸಲು ತೊಡಗಿದರು.

ಮೊದಮೊದಲು ಬೆಂಗಳೂರಿನವರಿಗೆ ನಗು. ಟೈ ಕಟ್ಟಿಕೊಂಡು ಕುರ್ಚಿಯಲ್ಲಿ ಹುಟ್ಟು ಹಾಕುವುದೆಂದರೆ ಯಾರಿಗಾದರೂ ನಗು ಬರುತ್ತದೆ. ಅವರು ನಿಲ್ಲಿಸಲಿಲ್ಲ. ಆರು, ಮತ್ತೊಂದು, ಎಂಟು. ಬದಿ ಬದಲು. ಆರು, ಮತ್ತೊಂದು, ಎಂಟು. ಐದು ನಿಮಿಷಕ್ಕೆ ನಗು ನಿಂತಿತು. ಹತ್ತು ನಿಮಿಷಕ್ಕೆ ಭುಜ ಉರಿಯತೊಡಗಿತು. ಎ.ಸಿ.ಯ ಸದ್ದು ದೂರವಾಯಿತು. ನನಗೆ ಇದರ ಉದ್ದೇಶ ಪೂರ್ತಿ ಗೊತ್ತಿತ್ತು. ಅವರು ಯಾವಾಗಲಾದರೂ ಆ ಶಬ್ದ ಹೇಳುತ್ತಾರೆ, ಬೆಂಗಳೂರಿನವರು ಏಳುತ್ತಾರೋ ಇಲ್ಲವೋ ನೋಡಬೇಕು, ಎಂದು ಕಾಯುತ್ತಿದ್ದೆ. ಕಾಯುತ್ತ ಕಾಯುತ್ತ ಎಲ್ಲಿಯೋ ಒಂದು ಕಡೆ ಕಾಯುವುದನ್ನು ಬಿಟ್ಟೆನೆಂದು ಕಾಣುತ್ತದೆ.

“ಏಳು!”

ಕಣ್ಣು ಬಿಟ್ಟಾಗ ನಾನು ನಿಂತಿದ್ದೆ. ಕುರ್ಚಿ ಹಿಂದಕ್ಕೆ ಉರುಳಿತ್ತು. ಎರಡೂ ಕೈ ತೊಡೆಯ ಪಕ್ಕಕ್ಕೆ ನೇರವಾಗಿ ಅಂಟಿದ್ದವು, ಹುಟ್ಟು ಕಾಲ ಬಳಿ ಬಿದ್ದಿತ್ತು. ಹುಡುಗನಾಗಿದ್ದಾಗ ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ಐದಕ್ಕೆ ವಾರ್ಡನ್ನರು ಬಾಗಿಲಲ್ಲಿ ನಿಂತು ಆ ಒಂದೇ ಶಬ್ದ ಹೇಳುತ್ತಿದ್ದರು. ಎರಡನೆಯ ಸಲ ಹೇಳಿಸಿಕೊಂಡವನಿಗೆ ತಿಂಡಿ ಇಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ, ಎಲ್ಲ ಗೊತ್ತಿದ್ದೂ ನನ್ನ ಕಾಲು ನನ್ನನ್ನು ಕೇಳದೆ ಎದ್ದಿತ್ತು. ಎರಡನೆಯ ಕುರ್ಚಿಯವನು ಅರ್ಧ ಎದ್ದು ಬಗ್ಗಿ ನಿಂತಿದ್ದ. ನಾಲ್ಕನೆಯವನು ಏಳುತ್ತ ಏಳುತ್ತ ಮತ್ತೆ ಕೂತ. ಶೆಟ್ಟರೊಬ್ಬರು ಕದಲದೆ ಗಾಳಿಗೆ ಹುಟ್ಟು ಹಾಕುತ್ತಲೇ ಇದ್ದರು.

“ನೀವು ಯಾಕೆ ಏಳಲಿಲ್ಲ?” ಎಂದು ಮ್ಯಾನೇಜರ್ ಅವರನ್ನು ಕೇಳಿದರು. ಅವರ ದನಿ ಸಣ್ಣದಾಗಿತ್ತು.

ಶೆಟ್ಟರು ನನ್ನ ಕಡೆ ತಿರುಗಿ, “ನಮಗೆ ತುಳುವಲ್ಲಿ ಲಕ್ಕ್ ಅಂದ್ರೆ ಏಳುದು ಮಾರಾಯ್ರೆ. ಏಳ್ ಅಂದ್ರೆ ಬರೀ ಸೆವೆನ್. ಹೇಳಿ ಅವರಿಗೆ” ಎಂದರು.

ಹೇಳಿದೆ. ಮ್ಯಾನೇಜರ್ ಎದ್ದು ಬಂದು ನನ್ನ ಉರುಳಿದ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿದರು. ಆಮೇಲೆ ಪಾಲುದಾರರ ಕಚೇರಿಗೆ ತಾವೇ ಫೋನು ಮಾಡಿದರು. ಮಾತು ನೆಟ್ಟಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಆ ಕಡೆಯಿಂದ ನಗುವಿನ ಸದ್ದು ನಮಗೂ ಕೇಳಿಸಿತು. ಖಲಾಸ್, ಎಂದರಂತೆ. ಮುಗಿಯಿತು. ಆದರೆ ಬರಹದಲ್ಲಿ ಕಾರಣ ಬೇಕು.

ನಾನು ಬರೆದೆ. ಎಣಿಕೆ ಬದಲಿಸಿದವನು ನಾನು; ಬದಲಿಸಬೇಡಿ ಎಂದು ತಾಂಡೇಲರು ಹೇಳಿದ್ದರು; ಎಲ್ಲರಿಗೂ ತಿಳಿಸಲಾಗಿದೆ ಎಂಬ ನನ್ನ ದಾಖಲೆ ತಪ್ಪು. ಕೆಳಗೆ ಸಹಿ ಹಾಕಿದೆ. ತಾಂಡೇಲರಿಗೆ ಇಂಗ್ಲಿಷ್ ಬಾರದು, ಓದಿ ಹೇಳಿ ಎಂದರು. ಕನ್ನಡದಲ್ಲಿ ಹೇಳಿದೆ. ಸಮಾಧಾನದ ಒಂದು ಮಾತು ಬರುತ್ತದೆಂದು ಎದುರು ನೋಡಿದ್ದೆ. ಬರಲಿಲ್ಲ.

“ನಂದೂ ಹಾಕಿ” ಎಂದರು.

“ನಿಮ್ಮದೇನು ತಪ್ಪು?”

“ನನ್ ಮುಂದೆ ಕೂತವ್ನಿಗೆ ಹೊಸ ಎಣಿಕೆ ಗೊತ್ತಿತ್ತಾ ಅಂದೇಳಿ ನಾನ್ ಕೇಂಡಿಲ್ಲ. ದೋಣಿ ಹತ್ತುಕ್ ಮುಂಚೆ ಕೇಣ್ಕಿತ್ತ್. ಅದ್ ತಾಂಡೇಲನ್ ಕೆಲ್ಸ.”

ಇಲ್ಲಿ ಒಂದು ವಿಷಯ ಹೇಳಬೇಕು. ಆ ವರ್ಷ ಅಕ್ಟೋಬರಿನಲ್ಲಿ ಅವರಿಗೆ ಐವತ್ತೈದು ತುಂಬುತ್ತಿತ್ತು, ಒಪ್ಪಂದ ಅಲ್ಲಿಗೆ ಮುಗಿಯುವುದು. ದೋಣಿಗಳನ್ನು ನೋಡಿಕೊಳ್ಳಲು ಇನ್ನೆರಡು ವರ್ಷ ಇಟ್ಟುಕೊಳ್ಳುತ್ತೇನೆಂದು ಮ್ಯಾನೇಜರ್ ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದರು. ಅಪಘಾತದ ವರದಿಯಲ್ಲಿ ಹೆಸರಿರುವವನಿಗೆ ವಯಸ್ಸಿನ ವಿನಾಯಿತಿ ಸಿಗುವುದಿಲ್ಲ. ಆ ನಿಯಮ ನನಗೆ ಗೊತ್ತಿತ್ತು, ಮ್ಯಾನೇಜರರಿಗೂ ಗೊತ್ತಿತ್ತು. ನಾನು ಅದನ್ನು ಅವರಿಗೆ ಬಿಡಿಸಿ ಹೇಳಿದೆ. ಅವರು ಕೇಳಿದರು. “ಬರೀರಿ ಮಾಷ್ಟ್ರೆ” ಎಂದರು. ಬರೆದೆ. ಮರಕ್ಕೆ ಗುರುತು ಹಾಕುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಕನ್ನಡದಲ್ಲಿ ಸಹಿ ಮಾಡಿದರು.

ನನಗೆ ಒಂದು ಎಚ್ಚರಿಕೆಯ ಪತ್ರ ಬಂತು. ಎರಡು ವರ್ಷದ ಮಾತು ಮತ್ತೆ ಬರಲಿಲ್ಲ. ಅಕ್ಟೋಬರಿನಲ್ಲಿ ಅವರ ನಿರ್ಗಮನದ ಕಾಗದ ಟೈಪು ಮಾಡಬೇಕಾದವನು ನಾನೇ. ಕಾರಣ ಎಂಬ ಕಡೆ ‘ಒಪ್ಪಂದ ಮುಗಿದಿದೆ’ ಎಂದು ಹೊಡೆದೆ. ಸುಳ್ಳಲ್ಲ. ಆದರೂ ಎರಡು ಸಲ ತಪ್ಪಿ, ಮೂರನೆಯ ಹಾಳೆ ತೆಗೆದುಕೊಳ್ಳಬೇಕಾಯಿತು. ಅವರು ಒಳಗೆ ಬಂದು ಎದುರು ಕೂತರು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ನಾನು ಕಾಗದವನ್ನು ಅವರ ಮುಂದೆ ಸರಿಸಲಾರದೆ ಕೈಯಲ್ಲಿಯೇ ಹಿಡಿದುಕೊಂಡು, ನನ್ನಿಂದ ಹೀಗಾಯಿತು ಎಂದೆ.

ಅವರಿಗೆ ಅದು ಕೇಳಿಸಿತೋ ಇಲ್ಲವೋ ತಿಳಿಯದು. “ನಂಜುಂಡನ ಮಕ್ಳ್ ಶಾಲೆಗ್ ಹೋತಿದ್ರಾ?” ಎಂದು ಕೇಳಿದರು.

ಹೋಗುತ್ತಿದ್ದಾರೆ, ದೊಡ್ಡವಳು ಎರಡನೆಯ ತರಗತಿ, ಚಿಕ್ಕವನಿಗೆ ಕೆಜಿಯಲ್ಲಿ ಸೀಟು ಸಿಕ್ಕಿತು ಎಂದೆ.

“ಹಾಂಗಾರೆ ಆಯ್ತಲ್ದಾ” ಎಂದು ಕಾಗದಕ್ಕೆ ಕೈ ನೀಡಿ, ಸಹಿ ಎಲ್ಲಿ ಹಾಕಬೇಕೆಂದು ಕೇಳಿದರು.